ಪಿಯಾನೋದ ಕೆಳಗೆ ಎರಡು ಮಣೆ

ಪ್ರತಿ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕೆನಡಾದ ಮಿಸಿಸಾಗಾದ ನಮ್ಮ ಮನೆಯ ಬಾಗಿಲಲ್ಲಿ ಮೂರು ಜೊತೆ ಪುಟ್ಟ ಬೂಟುಗಳು ಹಿಮ ಕರಗಿಸುತ್ತಾ ನಿಲ್ಲುತ್ತವೆ. ಹದಿನಾರು ವರ್ಷದ ನನ್ನ ಮಗಳು ಈಗ ಪಿಯಾನೋ ಟೀಚರ್. ರಾಯಲ್ ಕನ್ಸರ್ವೇಟರಿ ಎಂಬ ಸಂಗೀತ ಸಂಸ್ಥೆಯ ಎಂಟನೇ ಹಂತದ ಪರೀಕ್ಷೆಯನ್ನು ಕಳೆದ ಬೇಸಿಗೆಯಲ್ಲಿ ಮುಗಿಸಿದಳು. 1886ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ಈ ಸಂಸ್ಥೆಯ ಪರೀಕ್ಷೆಗಳೆಂದರೆ ಇಲ್ಲಿ ನಮ್ಮ ಕಡೆಯ ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳಿದ್ದಂತೆ.

ಎದುರು ಮನೆಯ ಆರು ವರ್ಷದ ಹುಡುಗ ಮೊದಲ ದಿನ ಬೆಂಚಿನ ಮೇಲೆ ಕುಳಿತಾಗ ಅವನ ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿದ್ದವು. ಕಾಲಿಗೆ ಆಸರೆ ಇಲ್ಲದಿದ್ದರೆ ಬೆನ್ನು ಕುಸಿಯುತ್ತದೆ, ಬೆನ್ನು ಕುಸಿದರೆ ಮಣಿಕಟ್ಟು ಇಳಿಯುತ್ತದೆ ಎಂದು ಮಗಳು ಕಪಾಟಿನಿಂದ ದಪ್ಪ ಪುಸ್ತಕಗಳನ್ನು ತಂದು ಪೇರಿಸತೊಡಗಿದಳು. ಪುಸ್ತಕದ ಮೇಲೆ ಕಾಲಿಡುವುದನ್ನು ನಾನು ಹೇಗೆ ನೋಡಲಿ! ಅಮ್ಮ ಸಾಗರದಿಂದ ಸೀರೆಗಳ ನಡುವೆ ಸುತ್ತಿ ತಂದುಕೊಟ್ಟಿದ್ದ ಎರಡು ಮಣೆಗಳನ್ನು ಓಡಿಹೋಗಿ ತಂದೆ. ಒಂದರ ಮೇಲೊಂದು ಇಟ್ಟರೆ ಅಳತೆ ಸರಿಹೋಯಿತು. "ಗ್ಲೆನ್ ಗೂಲ್ಡ್ ಕೂಡ ತಮ್ಮ ಕುರ್ಚಿಯನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದರು" ಎಂದಳು ಮಗಳು. ಗೂಲ್ಡ್ ಟೊರೊಂಟೊದ ಹೆಸರಾಂತ ಪಿಯಾನೋ ವಾದಕರು. ಅದು ಅವರ ತಂದೆ ಕಾಲು ಕತ್ತರಿಸಿ ತಗ್ಗು ಮಾಡಿಕೊಟ್ಟಿದ್ದ ಕುರ್ಚಿ, ನೆಲದಿಂದ 14 ಅಂಗುಲವಂತೆ. ಟೊರೊಂಟೊದ ಮಕ್ಕಳಿಗೆ ಗೂಲ್ಡ್ ಮನೆಯ ಹಿರಿಯರಿದ್ದ ಹಾಗೆ.

ಎರಡನೆಯ ವಿದ್ಯಾರ್ಥಿನಿ ನಮ್ಮ ಕನ್ನಡದವರ ಮನೆಯ ಹುಡುಗಿ. ಅವಳ ತಾಯಿ ಫೋನಿನಲ್ಲಿ ಫೀಸು ಎಷ್ಟು ಎಂದಾಗ ನಾನು ಹಿಂದೆ ಮುಂದೆ ನೋಡದೆ, "ಅಯ್ಯೋ, ನಮ್ಮವರ ಹತ್ತಿರ ದುಡ್ಡೇ? ಸುಮ್ಮನೆ ಕಳುಹಿಸಿ" ಎಂದುಬಿಟ್ಟೆ. ಮಗಳಿಗೆ ಬೇಸರವಾಯಿತು. "ಅಮ್ಮಾ, ನನ್ನನ್ನು ಒಂದು ಮಾತು ಕೇಳದೆ ಯಾಕೆ ಹೇಳಿದೆ?" ನಮ್ಮ ಪ್ರಾಂತ್ಯವಾದ ಒಂಟಾರಿಯೊದಲ್ಲಿ ಹೈಸ್ಕೂಲು ಮುಗಿಸಲು 40 ಗಂಟೆಗಳ ಸಮಾಜಸೇವೆ ಮಾಡಬೇಕು. ಹಣ ಪಡೆದು ಮಾಡಿದ ಕೆಲಸ ಅದರ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಾಗಿ ಅವಳು ಭಾನುವಾರಗಳಂದು ವೃದ್ಧಾಶ್ರಮದಲ್ಲಿ ನುಡಿಸುತ್ತಾಳೆ. "ಅದು ಸೇವೆ, ಇದು ಕೆಲಸ. ಫೀಸು ತೆಗೆದುಕೊಂಡರೆ ನಾನು ತಯಾರಾಗದೆ ಕೂರುವಂತಿಲ್ಲ, ಅವರೂ ಮನಸ್ಸು ಬಂದಾಗ ರಜೆ ಹಾಕುವಂತಿಲ್ಲ" ಎಂದಳು.

ಆ ರಾತ್ರಿ ನನಗೆ ನನ್ನ ಸಂಗೀತದ ಮೇಷ್ಟ್ರು ನೆನಪಾದರು. ಅವರು ಒಂದು ದಿನವೂ ದುಡ್ಡಿನ ಮಾತು ಎತ್ತಿದವರಲ್ಲ. ಆದರೆ ತಿಂಗಳ ಮೊದಲ ವಾರ ಅಮ್ಮ ಕೊಡುತ್ತಿದ್ದ ತಟ್ಟೆಯಲ್ಲಿ ವೀಳ್ಯದೆಲೆಯ ಅಡಿಗೆ ಮಡಚಿದ ನೋಟುಗಳಿರುತ್ತಿದ್ದವು. ಎಲೆ ಮುಚ್ಚಿದ್ದನ್ನು ನಾನು ಅಷ್ಟು ವರ್ಷ ನೋಡಿಯೇ ಇರಲಿಲ್ಲ. ಮರುದಿನ ಆ ತಾಯಿಗೆ ನಾನೇ ಫೋನು ಮಾಡಿ, ಅರ್ಧ ಗಂಟೆಗೆ ಹದಿನೈದು ಡಾಲರ್ ಎಂದು ಹೇಳಿದೆ. ಅವರು ನಿರಾಳವಾಗಿ ಒಪ್ಪಿದರು.

ಕಲಿಸುವುದು ಮಗಳಿಗೆ ಮೊದಲು ಒಲಿಯಲಿಲ್ಲ. ಎರಡು ಕಪ್ಪು ಕೀಗಳ ಗುಂಪು ಹುಡುಕು, ಅದರ ಎಡಕ್ಕಿರುವ ಬಿಳಿಯದೇ ಸಿ. ಎರಡೂ ಕೈಗಳಲ್ಲಿ ಹೆಬ್ಬೆರಳೇ ಒಂದನೇ ಬೆರಳು. ಇಷ್ಟನ್ನು ಹುಡುಗ ಬೇಗ ಹಿಡಿದ. ತೊಡಕಾದದ್ದು ನಾಲ್ಕನೆಯ ಬೆರಳು. ಉಂಗುರದ ಬೆರಳನ್ನು ಎತ್ತುವ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳಿಗೆ ಹೆಣೆದುಕೊಂಡಿರುವುದರಿಂದ ಅದೊಂದೇ ಮೇಲೇಳಲು ಹಟ ಮಾಡುತ್ತದೆ. ಮಗಳು "ಹೀಗೆ ನೋಡು" ಎಂದು ಮೂರು ಸಲ ಸರಸರನೆ ನುಡಿಸಿ ತೋರಿಸಿದಳು. ಹುಡುಗನ ಕಣ್ಣು ತುಂಬಿತು. ಹೋಗಿ ನಡುವೆ ಬಾಯಿ ಹಾಕೋಣವೆಂದು ಎದ್ದವಳು ಹೇಗೋ ಅಡುಗೆಮನೆಯಲ್ಲೇ ನಿಂತೆ.

ಸಂಜೆ ಅವಳು ನನ್ನ ಮೊಬೈಲಿನಲ್ಲಿ ತನ್ನದೇ ಹಳೆಯ ವಿಡಿಯೋ ಹುಡುಕಿದಳು. ಆರು ವರ್ಷದವಳಿದ್ದಾಗಿನದು. ಅದರಲ್ಲಿ ಅವಳ ನಾಲ್ಕನೆಯ ಬೆರಳೂ ಹಾಗೆಯೇ ಮಡಚಿಕೊಂಡು ಬೀಳುತ್ತಿತ್ತು. ಎರಡು ಸಲ ನೋಡಿದಳು, ಏನೂ ಮಾತಾಡಲಿಲ್ಲ. ಮುಂದಿನ ಶನಿವಾರ ಪಿಯಾನೋದ ಮುಚ್ಚಳ ತೆರೆಯಲೇ ಇಲ್ಲ. ಮುಚ್ಚಿದ ಮರದ ಮೇಲೆ ಇಬ್ಬರೂ ಕಿತ್ತಳೆ ಹಿಡಿದಂತೆ ಕೈ ಗುಂಡಗೆ ಮಾಡಿ, ನಾಲ್ಕನೆಯ ಬೆರಳಿನಿಂದ ನಿಧಾನವಾಗಿ ಬಾಗಿಲು ತಟ್ಟುವ ಆಟ ಆಡಿದರು. ಹುಡುಗ ನಗುತ್ತಿದ್ದ.

ನಮ್ಮ ಕನ್ನಡದ ಹುಡುಗಿ ಸಿಯಿಂದ ಜಿವರೆಗೆ ಐದು ಬಿಳಿ ಕೀಗಳನ್ನು ಒತ್ತಿದಾಗಲೆಲ್ಲ ನನ್ನ ಬಾಯಲ್ಲಿ ಸ ರಿ ಗ ಮ ಪ ಬರುತ್ತದೆ. ಅದು ಶಂಕರಾಭರಣ ರಾಗದ ದಾರಿ. ಪುರಂದರದಾಸರು ಹಾಕಿಕೊಟ್ಟರೆನ್ನುವ ನಮ್ಮ ಮೊದಲ ಪಾಠ ಮಾಯಾಮಾಳವಗೌಳ ರಾಗದ್ದು. ಅದಕ್ಕೆ ರಿ ಮತ್ತು ದ ಎರಡೂ ಕಪ್ಪು ಕೀಗಳು. ಒಮ್ಮೆ ತೋರಿಸಿದೆ. "ಅಕ್ಕಾ, ಇದೂ ಬೇಕು" ಎಂದು ಹುಡುಗಿ ಟೀಚರ್ ಮುಖ ನೋಡಿದಳು. ಟೀಚರ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ತಿಂಗಳ ಕೊನೆಗೆ ಮೂರು ಲಕೋಟೆಗಳು ಬಂದವು. ದೇವರ ಮುಂದೆ ಇಟ್ಟು ನಮಸ್ಕರಿಸಿದ ಮೇಲೆ ಮಗಳು ಅಂಗಡಿಗೆ ಹೋಗಿ, ಮಣೆ ಜಾರದಂತೆ ಅಡಿಗೆ ಹಾಸುವ ರಬ್ಬರ್ ಹಾಳೆಯನ್ನು ಮೊದಲ ಸಂಪಾದನೆಯಲ್ಲಿ ಕೊಂಡು ತಂದಳು. ಇಬ್ಬರೂ ನೆಲದ ಮೇಲೆ ಕುಳಿತು ಮಣೆಯ ಅಳತೆಗೆ ಅದನ್ನು ಕತ್ತರಿಸಿದೆವು.