ಒಂದಡಿ ಆಳ ಕಡಿದರೂ ಜಾಲಿ ಚಿಗುರಿದ್ದು ಯಾಕೆ?

ಬೇಸಿಗೆಯಲ್ಲಿ ಕಡಿದ 38 ಬಳ್ಳಾರಿ ಜಾಲಿ ಬುಡಗಳಲ್ಲಿ 11 ಮತ್ತೆ ಚಿಗುರಿವೆ. ಎರಡು ಹದ ಮಳೆ ಬಿದ್ದು ಮೂರು ವಾರ ಆಗಿಲ್ಲ, ಒಂದೊಂದು ಬುಡಕ್ಕೂ ಆರೇಳು ಕವಲು, ಗೇಣುದ್ದ. ಮೂಲ ಅಮೆರಿಕ ಖಂಡದ್ದಾದರೂ ನಮ್ಮೂರ ಹೆಸರು ಹೊತ್ತು ತಿರುಗುವ ಗಿಡ. ಊರು ಬಿಡು ಅಂದರೆ ಅಷ್ಟು ಸುಲಭಕ್ಕೆ ಬಿಟ್ಟೀತೇ!

ಉದ್ಯಾನದ ಹಿಂಬದಿಯ ತುಂಡು ಜಾಗದಲ್ಲಿ ಜಾಲಿ ಕಿತ್ತು ಹೊಂಗೆ, ಬೇವು, ಬನ್ನಿ ನೆಡುವ ಕೆಲಸ ನಮ್ಮದು. ಸಿಟ್ಟು ಬಂದಿರುವುದು ಈ 11 ಬುಡಗಳ ಮೇಲೆ. ಯಾಕೆಂದರೆ ಎರಡನ್ನು ಬಿಟ್ಟು ಉಳಿದವನ್ನು ಕಡಿದದ್ದು ಕ್ರಮ ತಪ್ಪದೆ. ಜಾಲಿಯ ಮಲಗಿರುವ ಮೊಗ್ಗುಗಳು ಇರುವುದು ಬುಡದ ಗಂಟಿನಲ್ಲಿ, ಮಣ್ಣಿನೊಳಗೆ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡ ಹೋಗಿ ಹತ್ತು ಬರುತ್ತವೆ. ಗಂಟಿನ ಕೆಳಗೆ ತಾಯಿಬೇರು ತುಂಡಾದರೆ ಕಥೆ ಮುಗಿಯಿತು, ಉಳಿದ ಬೇರು ತಾನಾಗಿ ಚಿಗುರುವುದಿಲ್ಲ. ಅದಕ್ಕೇ ಸುತ್ತ ಎರಡಡಿ ಅಗಲ ಗುದ್ದಲಿಯಿಂದ ಬಿಡಿಸಿ, ಒಂದಡಿ ಆಳಕ್ಕೆ ಇಳಿದು, ಕೊಡಲಿ ಹಾಕಿದ್ದು. ಗರಸು ಮಣ್ಣು ಬೇಸಿಗೆಯಲ್ಲಿ ಕಬ್ಬಿಣ. ಹಾರೆ ಇಲ್ಲದೆ ಆಗಲಿಲ್ಲ.

ಚಿಗುರಿದ 11ರಲ್ಲಿ 9 ಒಂದೇ ಮೂಲೆಯಲ್ಲಿವೆ ಅನ್ನುವುದು ನಕ್ಷೆಯಲ್ಲಿ ಗುರುತು ಹಾಕಿದಾಗಲೇ ಕಣ್ಣಿಗೆ ಬಿದ್ದದ್ದು. ಆ ಮೂಲೆ ತಗ್ಗಾಗಿತ್ತು. ಹಿಂದೆ ಯಾವಾಗಲೋ ಹೂಳು ಸುರಿದು ಮಟ್ಟ ಮಾಡಿದ್ದಾರೆ. ಒಂದು ಬುಡದ ಪಕ್ಕ ಗುಂಡಿ ತೋಡಿ ಗೋಡೆ ನೋಡಿದರೆ ಮೇಲೆ ಎಂಟು ಇಂಚು ಕಪ್ಪು ಹೂಳು, ಕೆಳಗೆ ಕೆಂಪು ಗರಸು. ಜಾಲಿ ಹುಟ್ಟಿದ್ದು ಕೆಳಗಿನ ಕೆಂಪು ನೆಲದಲ್ಲಿ. ಅಂದರೆ ನಾವು ಅಳೆದ ಒಂದಡಿಯಲ್ಲಿ ಎಂಟು ಇಂಚು ಬರೀ ಹೂಳೇ ಹೋಯಿತು. ಹಳೇ ನೆಲದಿಂದ ಇಳಿದದ್ದು ನಾಲ್ಕೇ ಇಂಚು, ಕೊಡಲಿ ಬಿದ್ದದ್ದು ನಡುಗಂಟಿಗೆ. ಅದರ ಕೆಳಭಾಗ ಮೊಗ್ಗುಗಳ ಸಮೇತ ಹಾಯಾಗಿ ಮಲಗಿತ್ತು.

ಉಳಿದ ಎರಡು ಜೆಸಿಬಿಯ ಕೃಪೆ. ಬಕೆಟ್ಟಿನಿಂದ ಎಳೆದರೆ ಕಾಂಡ ಬರುತ್ತದೆ, ಗಂಟು ಸೀಳಿ ಅರ್ಧ ಒಳಗೇ ಉಳಿಯುತ್ತದೆ, ಮೇಲೆ ಮಣ್ಣು ಮುಚ್ಚಿಕೊಳ್ಳುತ್ತದೆ. ನೋಡಲು ಚೊಕ್ಕ, ಬಾಡಿಗೆ ಮಾತ್ರ ಗಂಟೆ ಲೆಕ್ಕ.

ಹಾಗಾಗಿ ಅಳತೆ ಪಟ್ಟಿ ನೆಲದಿಂದ ಹಿಡಿಯುವುದು ಬಂದ್. ಮೊದಲ ದಪ್ಪ ಅಡ್ಡಬೇರು ಕಾಣುವವರೆಗೆ ಮಣ್ಣು ಬಿಡಿಸಬೇಕು. ಅಲ್ಲಿ ತೊಗಟೆಯ ಒರಟು ಮುಗಿದು ಬೇರಿನ ನಯ ಶುರುವಾಗುತ್ತದೆ, ಕೈಯಾಡಿಸಿದರೂ ತಿಳಿಯುತ್ತದೆ. ಅಡ್ಡಬೇರುಗಳನ್ನು ಕಡಿದು ಬಿಟ್ಟು, ಅವುಗಳಿಗಿಂತ ಅರ್ಧ ಗೇಣು ಕೆಳಗೆ ತಾಯಿಬೇರಿಗೆ ಕೊಡಲಿ. ಕಿತ್ತ ಗಂಟನ್ನು ತಿರುಗಿಸಿ ನೋಡಿ. ಅಡಿಯಲ್ಲಿ ದುಂಡನೆಯ ಒಂದೇ ಕಡಿತ ಇದ್ದರೆ ಸರಿ, ಸೀಳು ಕಂಡರೆ ಉಳಿದ ಚೂರು ಗುಂಡಿಯಲ್ಲೇ ಇದೆ. ಮಳೆಯಾದ ಎರಡನೇ ದಿನ ಮಾಡಿದರೆ ಶ್ರಮ ಅರ್ಧ. ಗಾಯಕ್ಕೆ ಸೀಮೆಎಣ್ಣೆ ಸುರಿಯಿರಿ ಅನ್ನುವವರು ಸಿಕ್ಕೇ ಸಿಗುತ್ತಾರೆ. ಅದೇ ಗುಂಡಿಯಲ್ಲಿ ನಾಳೆ ಸಸಿ ಇಡಬೇಕಲ್ಲ ಸ್ವಾಮಿ? ಕಡಿದ ಕೊಂಬೆ ಬೇಲಿಗೆ ಚೆನ್ನ, ಆದರೆ ಕಾಯಿ ಇದ್ದರೆ ಬೇಡ. ಬೇಲಿಯೇ ಬಿತ್ತನೆ ಮಾಡುತ್ತದೆ. ಮುಳ್ಳಿಗೆ ಕೈಗಾಡಿಯ ಟ್ಯೂಬು ನಾಲ್ಕು ಸಲ ಪಂಕ್ಚರ್ ಆಯಿತು, ಈಗ ಗಟ್ಟಿ ರಬ್ಬರಿನ ಚಕ್ರ.

ಬನ್ನಿ ಸಸಿಗಳದು ಬೇರೆಯೇ ತಮಾಷೆ. ಬನ್ನಿ ಅಂತ ಹಣ ಕೊಟ್ಟು ತಂದ 20ರಲ್ಲಿ 6 ಜಾಲಿ. ನಾವು ಕಿತ್ತದ್ದನ್ನು ನರ್ಸರಿಯವರು ಪ್ಯಾಕೆಟ್ಟಿನಲ್ಲಿ ವಾಪಸು ಕಳಿಸಿದ ಹಾಗೆ! ಎಲೆ ನೋಡಿ ಮೋಸ ಹೋಗಬೇಡಿ, ಮುಳ್ಳು ನೋಡಿ. ಜಾಲಿಯ ಮುಳ್ಳು ನೆಟ್ಟಗೆ, ಉದ್ದ, ಎಲೆ ಹುಟ್ಟುವ ಗಿಣ್ಣಿನಲ್ಲೇ, ಹೆಚ್ಚಾಗಿ ಜೋಡಿ. ಬನ್ನಿಯದು ಗಿಡ್ಡ, ಬುಡ ಅಗಲ, ಗಿಣ್ಣುಗಳ ನಡುವೆ ಕಡ್ಡಿಯ ಮೇಲೆ ಅಲ್ಲಲ್ಲಿ ಚದುರಿರುತ್ತದೆ. ಇನ್ನು ಮುಂದೆ ಒಂದೊಂದೇ ಸಸಿ ತಿರುಗಿಸಿ ನೋಡಿಯೇ ದುಡ್ಡು.

ಅಷ್ಟಕ್ಕೇ ಮುಗಿದಿದ್ದರೆ! ಹೊಂಗೆ, ಬೇವಿನ ಪಾತಿಗಳಲ್ಲಿ ಎಳೇ ಜಾಲಿ ಸಸಿಗಳು, ಪಾತಿಯ ಹೊರಗೆ ಒಂದೂ ಇಲ್ಲ. ಕಿತ್ತರೆ ಸಣ್ಣ ನೆಟ್ಟಗಿನ ಬೇರು, ಹಳೇ ಕಟ್ಟಿಗೆಯ ಗುರುತಿಲ್ಲ, ಅಂದರೆ ಬೀಜದಿಂದ ಬಂದವು. ಪಾತಿಗೆ ಮಾತ್ರ ಹೋದದ್ದು ಕುರಿಗೊಬ್ಬರ. ಜಾಲಿಕಾಯಿ ಸಿಹಿ, ಕುರಿ ಬಿಡುವುದಿಲ್ಲ, ಅಗಿತಕ್ಕೆ ಸಿಗದ ಬೀಜ ಹೊಟ್ಟೆಯಲ್ಲಿ ಸಿಪ್ಪೆ ಮೆದುವಾಗಿ ಹಿಕ್ಕೆಯಲ್ಲಿ ಸಿದ್ಧವಾಗಿ ಬರುತ್ತದೆ. ಲೋಡ್ ಕೊಟ್ಟವರು ಅರ್ಧ ಮಣ್ಣು ಬೆರೆಸಿದ್ದಕ್ಕೆ ಆಗ ಬೈದಿದ್ದೆವು. ಈಗ ಅನಿಸುತ್ತದೆ, ಮಣ್ಣಿದ್ದಷ್ಟು ಬೀಜ ಕಡಿಮೆ.

ಈಗಿನ ಉಪಾಯ: ಗೊಬ್ಬರವನ್ನು ಮೂರು ಇಂಚು ದಪ್ಪ ಹರಡಿ, ಹತ್ತು ದಿನ ತೇವ ಇಟ್ಟು, ಮೊಳೆತದ್ದನ್ನು ಕುರ್ಪಿಯಿಂದ ಕೆದಕಿ ಒಣಗಿಸುವುದು. ಹೀಗೆ ಎರಡು ಸಲ. ಗಟ್ಟಿ ಸಿಪ್ಪೆಯ ಬೀಜ ಆಗಲೂ ಉಳಿಯುತ್ತದೆ, ಪಾತಿ ನೋಡುವ ಕೆಲಸ ತಪ್ಪದು. ಸಸಿ ಬೆರಳುದ್ದ ಇದ್ದಾಗ, ನೆಲ ಹಸಿ ಇದ್ದಾಗ, ಎರಡು ಬೆರಳಲ್ಲಿ ಬರುತ್ತದೆ. ಒಂದು ಮಳೆಗಾಲ ದಾಟಿದರೆ ಮತ್ತೆ ಹಾರೆ.

ನಡುವೆ ಕಮರದ ಹುಚ್ಚು ಹತ್ತಿದೆ. ನಮ್ಮ ಒಣಗುಡ್ಡಗಳ ಮರ, ಜೋಡಿ ಎಲೆ. ತಾಯಿಬೇರು ಮೊದಲು ಪಾತಾಳಕ್ಕೆ, ಆಮೇಲೆ ತಲೆ ಮೇಲಕ್ಕೆ. ಸಣ್ಣ ಪ್ಯಾಕೆಟ್ಟಿನಲ್ಲಿ ಬೇರು ಸುರುಳಿ ಸುತ್ತುತ್ತದೆ. ಅದಕ್ಕೆ ನಾಲ್ಕಿಂಚಿನ ಪಿವಿಸಿ ಪೈಪನ್ನು ಎರಡಡಿ ತುಂಡು ಮಾಡಿ, ಉದ್ದಕ್ಕೆ ಸೀಳಿ ತಂತಿಯಿಂದ ಬಿಗಿದು, ತಳಕ್ಕೆ ಸೊಳ್ಳೆ ಜಾಲರಿ. ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಎರೆಗೊಬ್ಬರ ಒಂದು. ಕುರಿಗೊಬ್ಬರ ಹತ್ತಿರಕ್ಕೂ ಬೇಡ. ನೆಡುವಾಗ ತಂತಿ ಬಿಚ್ಚಿದರೆ ಬೇರು ಅಲುಗದೆ ಹೊರಬರಬೇಕು. ಪೈಪಿನ ಬೆಲೆ ಕೇಳಿ ಗುಜರಿ ಅಂಗಡಿಗೆ ತಿರುಗಿದ್ದಾಗಿದೆ, 14 ತುಂಡು ಸಿಕ್ಕಿವೆ.

ಹೊಸ ಲೋಡಿನ ಗೊಬ್ಬರ ಸದ್ಯ ಒಂದು ಬಾಂಡ್ಲಿಯಷ್ಟೇ ತರಿಸಿ ತೇವದಲ್ಲಿಟ್ಟಿದೆ. ಇವತ್ತಿಗೆ ಒಂಬತ್ತನೇ ದಿನ, ನಾಲ್ಕು ಮೊಳಕೆ. ಲೋಡ್ ಬೇಡ ಅಂತ ಫೋನ್ ಮಾಡಬೇಕು.