ಕುಂತ ಮನಿ

2020ರ ಅಕ್ಟೋಬರ್ ತಿಂಗಳಲ್ಲಿ, ನವರಾತ್ರಿಯ ಐದನೆಯ ದಿನ ಬೆಳಿಗ್ಗೆ, ಅಫಜಲಪುರ ತಾಲ್ಲೂಕಿನ ಸರಕಾರಿ ಶಾಲೆಯೊಂದರಲ್ಲಿ ಶಿಕ್ಷಕರಾಗಿರುವ ನನ್ನ ಸೋದರಮಾವ ಫೋನ್ ಮಾಡಿ, ಬರುವಾಗ ಪೇಟಿಯನ್ನೂ, ಅಂದರೆ ನನ್ನ ಹಾರ್ಮೋನಿಯಂ ಅನ್ನೂ, ತೆಗೆದುಕೊಂಡು ಬಾ ಎಂದರು. ಬರುತ್ತೇನೆಂದು ನಾನು ಹೇಳಿಯೇ ಇರಲಿಲ್ಲ. ಅವರ ಶಾಲೆ ನಾಲ್ಕು ದಿನಗಳಿಂದ ನೆರೆ ಸಂತ್ರಸ್ತರ ಕಾಳಜಿ ಕೇಂದ್ರವಾಗಿತ್ತು. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಮಾತ್ರ ಮಕ್ಕಳು ಮಲಗುತ್ತಿಲ್ಲ, ಯಾರಾದರೂ ಬಕೆಟ್ಟಿನ ನೀರು ಚೆಲ್ಲಿದರೂ ಬೆಚ್ಚಿ ಎದ್ದು ಕೂರುತ್ತಾರೆ, ನೀನು ಬಂದು ಏನಾದರೂ ಹಾಡು ಎಂಬುದು ಅವರ ಮಾತಿನ ಸಾರ.

ನಮ್ಮ ಭೀಮೆಯ ನೆರೆ ಬರುವ ರೀತಿಯೇ ಬೇರೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವು ತೆಲಂಗಾಣವನ್ನು ದಾಟಿ ಬಂದು 13 ಮತ್ತು 14ರಂದು ಕಲಬುರಗಿ ಜಿಲ್ಲೆಯ ಮೇಲೆ ಸುರಿದು ಮಹಾರಾಷ್ಟ್ರದ ಕಡೆ ಸಾಗಿತ್ತು. ಮಳೆ ನಿಂತಿತು, ಬಿಸಿಲೂ ಬಿದ್ದಿತು ಎಂದು ಜನ ಬಟ್ಟೆ ಒಣಹಾಕುವ ಹೊತ್ತಿಗೆ ಮೇಲಿನ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ನೀರು ಸೊನ್ನ ಬ್ಯಾರೇಜಿಗೆ ಬಂದು ಸೇರಿತ್ತು. ಅಲ್ಲಿಂದ ಕೆಳಗೆ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿದಾಗ ತಲೆಯ ಮೇಲೆ ಬಿಸಿಲಿರುತ್ತದೆ, ಕಾಲ ಕೆಳಗೆ ಹೊಳೆ ಇರುತ್ತದೆ. ಮಳೆಯಲ್ಲಿ ಮನೆ ಬಿಟ್ಟು ಓಡಿದವರಿಗಿಂತ ಬಿಸಿಲಲ್ಲಿ ಮನೆ ಬಿಟ್ಟು ಓಡಿದವರೇ ಹೆಚ್ಚು ಎಂದು ಮಾಮಾ ಹೇಳಿದ್ದರು.

ಒಂದು ಮಾತನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ನಾನು ಹೊರಟದ್ದು ಸೇವೆಯ ಆಸೆಯಿಂದಷ್ಟೇ ಅಲ್ಲ. ಆಗ ನನಗೆ 22 ವರ್ಷ. ಹಿಂದೂಸ್ತಾನಿ ಗಾಯನದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ ವಿದ್ವತ್ ಪರೀಕ್ಷೆಗೆ ತಯಾರಿ ನಡೆಸಿದ್ದೆ. ಕೊರೊನಾ ಬಂದು ಏಳು ತಿಂಗಳಿಂದ ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಿಂದ ಹಿಡಿದು ಓಣಿಯ ಗಣಪತಿ ಪೆಂಡಾಲಿನವರೆಗೆ ಎಲ್ಲ ವೇದಿಕೆಗಳೂ ಮುಚ್ಚಿದ್ದವು. ಎದುರಿಗೆ ಜನ ಕೂತು ಕೇಳುವುದಕ್ಕಾಗಿ ಹಂಬಲಿಸಿದ್ದೆ. ಕಾಕಾನ ಮಗನ ಬೈಕಿನ ಹಿಂದೆ, ನಮ್ಮಿಬ್ಬರ ನಡುವೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೇಟಿಯನ್ನಿಟ್ಟುಕೊಂಡು ಹೋಗುವಾಗ ನಾನು ಯೋಚಿಸುತ್ತಿದ್ದುದು ಯಾವ ರಾಗ ಹಾಡಲಿ ಎಂದು. ನವರಾತ್ರಿಯಾದ್ದರಿಂದ ದುರ್ಗಾ ಸರಿಯೆಂದು ಚೌಡಾಪುರ ದಾಟುವಷ್ಟರಲ್ಲಿ ನಿರ್ಧಾರವಾಗಿತ್ತು. ಅಲ್ಲಿಂದ ಮುಂದೆ ಎಡಬಲದ ಹೊಲಗಳಲ್ಲಿ ತೊಗರಿ ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು. ಹೂವಿಗೆ ಬಂದ ತೊಗರಿಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗಿಡ ಇನ್ನೂ ಹಸಿರಾಗಿಯೇ ಇತ್ತು.

ಶಾಲೆ ಮುಟ್ಟಿದಾಗ ಹಾಡು ಯಾರಿಗೂ ಬೇಕಿರಲಿಲ್ಲ. ಅಂಗಳದ ಹಗ್ಗಗಳ ಮೇಲೆ ಕೌದಿಗಳು, ಕಟ್ಟೆಯ ಮೇಲೆ ಕಲ್ಲು ಹೇರಿ ಬಿಸಿಲಿಗಿಟ್ಟ ಪಾಸ್‌ಬುಕ್ಕು, ರೇಷನ್ ಕಾರ್ಡು, ಪಹಣಿ ಪತ್ರಗಳು. ಬಿದ್ದ ಮನೆಗಳ ಪಟ್ಟಿ ಮಾಡಲು ಕಂದಾಯ ಇಲಾಖೆಯವರು ಬಂದಿದ್ದರು. ಮಾಮಾ ನನ್ನ ಕೈಗೆ ಪೆನ್ನು ಕೊಟ್ಟು ಅರ್ಜಿ ಬರೆಯಲು ಕೂರಿಸಿದರು. ಮಧ್ಯಾಹ್ನದವರೆಗೆ ನಾನು ಅರವತ್ತಕ್ಕಿಂತ ಹೆಚ್ಚು ಅರ್ಜಿಗಳನ್ನು ಬರೆದೆ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಗೋಡೆ ಪೂರ್ತಿ ಬಿದ್ದಿದೆಯೋ ಭಾಗಶಃ ಬಿದ್ದಿದೆಯೋ. ಮಣ್ಣಿನ ಗೋಡೆಯ ವಿಷಯದಲ್ಲಿ ಭಾಗಶಃ ಎಂಬ ಮಾತಿಗೆ ಅರ್ಥವಿಲ್ಲ, ಇಂದು ಅರ್ಧ ಬಿದ್ದದ್ದು ಒಣಗುವಾಗ ಬಿರುಕುಬಿಟ್ಟು ನಾಳೆ ಪೂರ್ತಿ ಬೀಳುತ್ತದೆ ಎಂದು ಒಬ್ಬ ಹಿರಿಯರು ತಿಳಿಸಿ ಹೇಳಿದರು. ಆದರೆ ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಡುವೆ ಯಾವುದೋ ಸಂಘದವರು ಬ್ಯಾನರ್ ಕಟ್ಟಿ, ಬಿಸ್ಕತ್ತು ಹಂಚಿ, ಒಂದೇ ಪೊಟ್ಟಣವನ್ನು ಒಂದೇ ಅಜ್ಜಿಗೆ ಮೂರು ಸಲ ಕೊಟ್ಟು ಫೋಟೊ ತೆಗೆಸಿಕೊಂಡು ಹೋದರು. ಅವರನ್ನು ನೋಡಿ ನಕ್ಕೆ. ಮೂಲೆಯಲ್ಲಿಟ್ಟ ಪೇಟಿಯ ಕಡೆ ಕಣ್ಣು ಹೋದಾಗ ನಗು ಅರ್ಧಕ್ಕೇ ನಿಂತಿತು.

ಸಂಜೆ ಅನ್ನ, ಸಾರಿನ ಊಟವಾಯಿತು. ಐದು ದಿನಗಳಿಂದ ರೊಟ್ಟಿಯ ಮುಖ ನೋಡಿಲ್ಲ ಎಂಬುದು ಅಲ್ಲಿನ ಹೆಂಗಸರ ದೊಡ್ಡ ದೂರಾಗಿತ್ತು. ಆಮೇಲೆ ಮಾಮಾ ದೊಡ್ಡ ಕೋಣೆಯಲ್ಲಿ ಜಮಖಾನೆ ಹಾಸಿಸಿ ನನ್ನನ್ನು ಕೂರಿಸಿದರು. ನಾನು ಹಾಡುವುದು ಕಪ್ಪು ಐದರಲ್ಲಿ, ಅಂದರೆ ಪೇಟಿಯ ಐದನೆಯ ಕಪ್ಪು ಪಟ್ಟಿಯನ್ನು ಷಡ್ಜ ಮಾಡಿಕೊಂಡು. ಷಡ್ಜ ಹಿಡಿದು, ಕಣ್ಣು ಮುಚ್ಚಿ, ದುರ್ಗಾದ ಆಲಾಪವನ್ನು ನನ್ನ ಗುರುಗಳು ಮೆಚ್ಚುವಷ್ಟು ನಿಧಾನವಾಗಿ ಎತ್ತಿಕೊಂಡೆ. ಎರಡು ಮೂರು ನಿಮಿಷ ಕಳೆದಿರಬೇಕು, ಯಾರೋ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಕಣ್ಣು ತೆರೆದರೆ ಎದುರಿಗೆ ಎಪ್ಪತ್ತು ದಾಟಿದ ಆಯಿಯೊಬ್ಬರು.

"ಯವ್ವಾ, ಯಾಕ ಅಳ್ಲತ್ತಿ? ನಿಮ್ಮ ಮನಿನೂ ಹೋಗ್ಯಾದೇನು?"

ಅವರು ಹಾಸ್ಯ ಮಾಡುತ್ತಿರಲಿಲ್ಲ. ಇಲ್ಲ ಆಯಿ, ಇದು ಹಾಡು ಎಂದೆ. ಅವರು ಹೌದೆ ಎಂಬಂತೆ ತಲೆಯಾಡಿಸಿ, ನನ್ನ ಮರ್ಯಾದೆಗಾಗಿ ಅಲ್ಲಿಯೇ ಕೂತರು. ನಾನು ಮತ್ತೆ ಆರಂಭಿಸಿದೆ. ಆಗ ಪೇಟಿ ಕೈಕೊಟ್ಟಿತು. ದಾರಿಯುದ್ದಕ್ಕೂ ತೇವ ಹೀರಿದ ಕಟ್ಟಿಗೆ ಉಬ್ಬಿ, ಒತ್ತಿದ ಬಿಳಿ ಐದು ಕೆಳಗಿಳಿದದ್ದು ಮೇಲೆ ಬರಲೇ ಇಲ್ಲ. ಹಾಗೆ ಸಿಕ್ಕಿಕೊಂಡ ಪಟ್ಟಿಯ ಬಾಯಿ ತೆರೆದೇ ಇರುವುದರಿಂದ ತಿದಿ ಎಳೆದಾಗಲೆಲ್ಲ ಆ ಸ್ವರ ತಾನಾಗಿಯೇ ಕೂಗುತ್ತದೆ. ನನ್ನ ಕಪ್ಪು ಐದಕ್ಕೆ ಅದು ಶುದ್ಧ ಧೈವತ. ದುರ್ಗಾದಲ್ಲಿ ಧೈವತ ಇರುವುದು ನಿಜವೇ, ಆದರೆ ಷಡ್ಜ, ಪಂಚಮ ಎನ್ನದೆ ಎಲ್ಲದರ ಕೆಳಗೂ ಅದೊಂದೇ ಕೂಗುತ್ತಿದ್ದರೆ ರಾಗ ಉಳಿಯುವುದಿಲ್ಲ. ಬೆರಳಿನಿಂದ ಮೀಟಿದೆ, ಅಕ್ಕಪಕ್ಕದ ಪಟ್ಟಿಗಳನ್ನು ಬಡಿದೆ. ಮಾಮಾ ದೂರದಿಂದಲೇ, ಏನಾಯಿತು ಎಂದು ಕೇಳಿದರು.

"ಒಂದು ಮನಿ ಕುಂತದ ಮಾಮಾ" ಎಂದೆ. ಪೇಟಿಯವರ ಭಾಷೆಯಲ್ಲಿ ಇದು ದಿನದ ಮಾತು. ಬೆರಳಿಡುವ ಪ್ರತಿ ಪಟ್ಟಿಯೂ ಒಂದು ಮನೆ. ಕರಿಮನೆ, ಬಿಳಿಮನೆ ಎಂದೇ ನಾವು ಕಲಿತದ್ದು.

"ಒಂದೇ ಕುಂತದೇನು?" ಎಂದರು ಆಯಿ. "ನಮ್ಮ ಓಣ್ಯಾಗ ಒಂದೂ ನಿಂತಿಲ್ಲ."

ಒಂದು ಕ್ಷಣ ಕೋಣೆ ಸುಮ್ಮನಾಯಿತು. ಬಾಗಿಲ ಬಳಿ ಮಗುವಿಗೆ ಹಾಲುಣಿಸುತ್ತಿದ್ದ ಹೆಣ್ಣುಮಗಳೊಬ್ಬಳು ಮೊದಲು ನಕ್ಕಳು. ಆಮೇಲೆ ಅವಳ ಅತ್ತೆ, ಆಮೇಲೆ ಗೋಡೆಗೊರಗಿದ್ದ ಗಂಡಸರು. ನಾಲ್ಕು ದಿನಗಳಲ್ಲಿ ಆ ಕೋಣೆಯಲ್ಲಿ ಯಾರೂ ನಕ್ಕದ್ದನ್ನು ಕೇಳಿರಲಿಲ್ಲವೆಂದು ಮಾಮಾ ಆಮೇಲೆ ಹೇಳಿದರು. ನನಗಂತೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೆಳಿಗ್ಗೆ ಆಯಿಯ ಅರ್ಜಿಯನ್ನು ಬರೆದವಳು ನಾನೇ. ಪೂರ್ತಿ ಎಂದು ಬರೆದಿದ್ದೆ.

ನಾನು ಪೇಟಿಯ ಮುಚ್ಚಳ ತೆಗೆಯಲು ಹೊರಟಾಗ, ಇರಲಿ ಬಿಡು, ಅದು ಕೂಗಲಿ, ನೀನು ಎಳಿ ಎಂದರು ಆಯಿ. ಎಳೆದೆ. ಆ ಒಂಟಿ ಸ್ವರ ಕೋಣೆಯ ತುಂಬ ನಿಂತಿತು. ಅವರು ಅದನ್ನು ಸ್ವಲ್ಪ ಹೊತ್ತು ಕೇಳಿ, ಅದನ್ನೇ ಷಡ್ಜ ಮಾಡಿಕೊಂಡು ಹೆಂಗಸರು ಚಪ್ಪಾಳೆ ಹಾಕುತ್ತ ಹಾಡುವ ಬುಲಾಯಿ ಪದವೊಂದನ್ನು ಎತ್ತಿದರು. ಎತ್ತಿದ ಮೇಲೆ ತಿಳಿಯಿತು, ಅಲ್ಲಿನ ಹೆಂಗಸರ ದನಿಗೆ ಬಿಳಿ ಐದು ಹೇಳಿಮಾಡಿಸಿದ ಜಾಗ. ಕಪ್ಪು ಐದರಲ್ಲಿ ನಾನು ಎಷ್ಟು ಚೆನ್ನಾಗಿ ಹಾಡಿದ್ದರೂ ಅವರಲ್ಲಿ ಒಬ್ಬರ ಕೊರಳೂ ನನ್ನ ಸಂಗಡ ಬರಲು ಸಾಧ್ಯವಿರಲಿಲ್ಲ. ಆಯಿ ಒಂದು ಸಾಲು ಹೇಳಿದರೆ ಹತ್ತು ಹನ್ನೆರಡು ಜನ ಅದನ್ನು ಮರಳಿ ಹೇಳುವರು. ಎರಡನೆಯ ನುಡಿಗೆ ನಾಲ್ವರು ಎದ್ದು ಸುತ್ತುಗಟ್ಟಿ ಚಪ್ಪಾಳೆ ಹಾಕತೊಡಗಿದರು. ಮಾಸ್ಕು ಗದ್ದಕ್ಕೆ ಇಳಿದಿದ್ದನ್ನು ಕಂಡೂ ಮಾಮಾ ಸುಮ್ಮನಿದ್ದರು.

ಅವರಿಗೆ ಸಾಥ್ ಕೊಡುವುದು ಸುಲಭವೆಂದುಕೊಂಡದ್ದು ನನ್ನ ಎರಡನೆಯ ತಪ್ಪು. ಸಾಲು ಸಾಲಿನ ನಡುವೆ ಬಿಡುವು ಸಿಕ್ಕಿತೆಂದು ನಾನೊಂದು ಚಿಕ್ಕ ತಾನ್ ತುಂಬಿದರೆ ಎಲ್ಲರೂ ನಿಂತುಬಿಟ್ಟರು. ನಾನು ಏನೋ ಹೇಳುತ್ತಿದ್ದೇನೆಂದು ಅವರು ಕಾದರು, ಅವರು ಯಾಕೆ ನಿಂತರೆಂದು ನಾನು ಕಾದೆ. ಮಾತ್ರೆ ಎಣಿಸಲು ಹೋದರೆ ಅದೂ ಕೈಗೆ ಸಿಗಲಿಲ್ಲ. ಮೊದಲ ಸಾಲು ಎಂಟು ಮಾತ್ರೆಗೆ ಮುಗಿದರೆ ಮುಂದಿನ ಸಾಲಿನಲ್ಲಿ ಆಯಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಹೆಚ್ಚುವರಿ ಸೇರುತ್ತಿತ್ತು, ಅವರಿಗೆ ಕೆಮ್ಮು ಬಂದರೆ ಇನ್ನಷ್ಟು. ಆದರೆ ಚಪ್ಪಾಳೆ ಹಾಕುವವರಿಗೆ ಅದರಿಂದ ಏನೂ ತೊಡಕಾಗುತ್ತಿರಲಿಲ್ಲ, ಏಕೆಂದರೆ ಅವರು ನೋಡುತ್ತಿದ್ದುದು ಆಯಿಯ ಬಾಯಿಯನ್ನು. ನಾನೂ ಎಣಿಕೆ ಬಿಟ್ಟು ಅವರ ಬಾಯಿಯನ್ನೇ ನೋಡತೊಡಗಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ನನ್ನ ಗುರುಗಳು, ನನ್ನ ಪಾಠ ಮುಗಿದ ಮೇಲೂ ಎರಡು ವರ್ಷ ಕಾಲ ಚಿಕ್ಕ ಮಕ್ಕಳ ಪಾಠಕ್ಕೆ ನನ್ನಿಂದ ಪೇಟಿ ನುಡಿಸಿದ್ದರು. ಆಗ ನನಗೆ ಅದು ಶಿಕ್ಷೆಯಂತೆ ಕಾಣುತ್ತಿತ್ತು, ಮನೆಗೆ ಬಂದು ಅವ್ವನ ಮುಂದೆ ಗೊಣಗಿದ್ದೂ ಉಂಟು. ತಪ್ಪು ಹಾಡುವ ಮಗುವಿನ ಹಿಂದೆಯೇ ಹೋಗಿ ಅದನ್ನು ಎಲ್ಲಿಯೂ ಬೀಳದಂತೆ ಹಿಡಿಯುವ ಆ ಅಭ್ಯಾಸವೊಂದೇ ಆ ರಾತ್ರಿ ನನ್ನ ಬೆರಳುಗಳಿಗೆ ಉಪಯೋಗಕ್ಕೆ ಬಂದ ವಿದ್ಯೆ. ಆಯಿ ತಪ್ಪು ಹಾಡುತ್ತಿರಲಿಲ್ಲವೆಂಬುದು ಬೇರೆ ಮಾತು.

ಒಂಬತ್ತರ ಸುಮಾರಿಗೆ ಗಂಡಸರ ಸರದಿ ಬಂತು. ಆ ಊರಿನ ಭಜನಾ ಮಂಡಳಿಯ ಮೂವರು ಅಲ್ಲಿದ್ದರು. ಏಕತಾರಿ, ದಮ್ಮಡಿಗಳು ನೀರು ಪಾಲಾಗಿದ್ದವು, ಒಬ್ಬ ಮುತ್ಯಾ ಮಾತ್ರ ಜೋಡಿ ತಾಳವನ್ನು ಧೋತರದ ತುದಿಯಲ್ಲಿ ಗಂಟುಹಾಕಿಕೊಂಡು ಬಂದಿದ್ದರು. ಮನೆಯಿಂದ ಏನನ್ನು ಎತ್ತಿಕೊಂಡಿರಿ ಎಂದು ಬೆಳಿಗ್ಗೆ ಅಧಿಕಾರಿಗಳು ಕೇಳಿದಾಗ ಅವರು ನಾಚಿಕೊಂಡು ಏನೂ ಇಲ್ಲವೆಂದಿದ್ದರಂತೆ. ಕಡಕೋಳ ಮಡಿವಾಳಪ್ಪನವರ ಸೀಮೆಯಲ್ಲಿ ತತ್ವಪದ ಹಾಡಲು ಯಾರೂ ಪುಸ್ತಕ ನೋಡುವುದಿಲ್ಲ. ಮುತ್ಯಾ ಶುರುಮಾಡಿದ ಕೂಡಲೇ, ಅದೇ ಓಣಿಯ ಚಾಚಾ ಒಬ್ಬರು ಕಂಬದ ಮರೆಯಿಂದ ಎದ್ದು ಬಂದು ಪಕ್ಕದಲ್ಲಿ ಕೂತು ಎರಡನೆಯ ಸಾಲನ್ನು ತಾವೇ ತೆಗೆದುಕೊಂಡರು. ಮಡಿವಾಳಪ್ಪನವರ ಶಿಷ್ಯರಲ್ಲಿ ಒಬ್ಬರಾದ ಚೆನ್ನೂರ ಜಲಾಲಸಾಹೇಬರ ಪದಗಳನ್ನು ಹಾಡುವ ಭಾಗದಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ನಾನು ಈಗ ಬರೆಯುವಾಗಷ್ಟೇ ಅದು ಬರೆಯತಕ್ಕ ಸಂಗತಿಯಾಗಿ ಕಾಣುತ್ತಿದೆ.

ಗಂಡಸರು ಬಿಳಿ ಒಂದರಲ್ಲಿ ಎತ್ತಿಕೊಂಡಿದ್ದರು. ಕುಂತ ಮನೆ ಈಗ ಏನು ಅನಾಹುತ ಮಾಡುತ್ತದೋ ಎಂದು ಅಂಜುತ್ತಲೇ ತಿದಿ ಎಳೆದೆ. ಬಿಳಿ ಒಂದಕ್ಕೆ ಬಿಳಿ ಐದು ಪಂಚಮ. ಹೆಂಗಸರಿಗೆ ಷಡ್ಜವಾಗಿದ್ದುದು ಗಂಡಸರಿಗೆ ಪಂಚಮವಾಗಿ ಕೂತಿತು. ನಾನು ಎಡಗೈಯಿಂದ ತಿದಿ ಎಳೆಯುತ್ತ, ಬಲಗೈಯಿಂದ ಹಾಡಿನ ಬೆನ್ನು ಹಿಡಿದುಕೊಂಡು ಹೋದದ್ದಷ್ಟೇ. ಹತ್ತೂವರೆಯ ಹೊತ್ತಿಗೆ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದರು. ಹಾಡು ನಿಲ್ಲಿಸಿದರೆ ಏಳುತ್ತಾರೆಂದು ಮುತ್ಯಾ ಇನ್ನೆರಡು ಪದಗಳನ್ನು ದನಿ ತಗ್ಗಿಸಿ ಹಾಡಿದರು. ನನ್ನ ದುರ್ಗಾವನ್ನು ಮತ್ತೆ ಯಾರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಮರುದಿನ ನಾನು ಕಲಬುರಗಿಗೆ ಮರಳಿದಾಗ ಪೇಟಿ ಅಲ್ಲಿಯೇ ಉಳಿಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ತಿದಿ ಎಳೆಯುವುದನ್ನಷ್ಟೇ ಹೇಳಿಕೊಟ್ಟು ಬಂದಿದ್ದೆ. ಕುಂತ ಮನೆ ತಾನೇ ಕೂಗುವುದರಿಂದ ಅವಳಿಗೆ ಬೆರಳಾಡಿಸುವ ಅಗತ್ಯವಿರಲಿಲ್ಲ. ಕೇಂದ್ರ ಮುಚ್ಚಿದ ಮೇಲೆ ಮಾಮಾ ಅದನ್ನು ಬೈಕಿನಲ್ಲಿ ತಂದುಕೊಟ್ಟರು. ಮನೆಗಳ ಸಂದುಗಳಲ್ಲಿ ಜೋಳದ ಹಿಟ್ಟು ತುಂಬಿತ್ತು. ಯಾರೋ ಪುಣ್ಯಾತ್ಮರು ಹಿಟ್ಟಿನ ಚೀಲಗಳನ್ನು ಕಳಿಸಿದ್ದರಂತೆ, ಹೆಂಗಸರು ಶಾಲೆಯ ಅಂಗಳದಲ್ಲಿಯೇ ಒಲೆ ಹೂಡಿ ರೊಟ್ಟಿ ಬಡಿದಿದ್ದರಂತೆ, ಇಲಿಗಳ ಕಾಟಕ್ಕೆ ಪೇಟಿಯನ್ನು ಆ ಚೀಲಗಳ ಮೇಲೆಯೇ ಇಡುತ್ತಿದ್ದರಂತೆ.

ರಿಪೇರಿಯವರು ಹಿಟ್ಟನ್ನೆಲ್ಲ ಕುಂಚದಿಂದ ಗುಡಿಸಿ, ಬಿಳಿ ಐದರ ಎರಡೂ ಮಗ್ಗುಲನ್ನು ಮರಳು ಕಾಗದದಿಂದ ಉಜ್ಜಿ ಸಡಿಲ ಮಾಡಿಕೊಟ್ಟರು. ಈಗ ಅದು ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಅಮಾವಾಸ್ಯೆಯ ಭಜನೆಗೆ ಆ ಊರಿಗೆ ಹೋಗುವುದು ಅಂದಿನಿಂದ ರೂಢಿಯಾಗಿದೆ. ಹೊಸ ಪತ್ರಾಸಿನ ಮನೆಯ ಮುಂದೆ ಆಯಿ ಬಂದು ಕೂತು, ಎಳಿ ಯವ್ವಾ ಎನ್ನುತ್ತಾರೆ. ನಾನು ಬಿಳಿ ಐದನ್ನು ಒತ್ತಿ, ಅದರ ಸಂದಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ, ಎಳೆಯುತ್ತೇನೆ.