ಕುಷ್ಟಗಿ ದಾರಿಯ ಒಂದು ತಿರುವು

ಹೊಸಪೇಟೆ ಬಿಟ್ಟು ಮುನಿರಾಬಾದ್, ಹಿಟ್ನಾಳ ದಾಟಿ ಹೆದ್ದಾರಿ 50ರಲ್ಲಿ ಕುಷ್ಟಗಿ ಮುಟ್ಟುವವರೆಗಿನ ಪಯಣದಲ್ಲಿ ಹೇಳುವಂಥದ್ದು ಕಡಿಮೆ. ಯಲಬುರ್ಗಾ ರಸ್ತೆಗೆ ಹೊರಳಿದಾಗ ಆಷಾಢದ ಗಾಳಿ ಕಾರಿನ ಬಾಗಿಲನ್ನೇ ಕಿತ್ತುಕೊಳ್ಳುವಂತೆ ಬೀಸುತ್ತದೆ. ಎರೆಹೊಲಗಳ ನಡುವೆ ಸಾಲಾಗಿ ನಿಂತ, ಗಾಳಿಯಿಂದ ವಿದ್ಯುತ್ ಮಾಡುವ ಗಾಳಿಕಂಬಗಳು ಊರವರ ಬಾಯಲ್ಲಿ ಬರೀ ‘ಫ್ಯಾನು’. ಎರಡು ದಿನದ ಪ್ರವಾಸದಲ್ಲಿ ಬರೆದಿಡಲೇಬೇಕು ಅನಿಸಿದ್ದು ಒಂದು ಊರ ಮುಂದಿನ ತಿರುವು, ಅಲ್ಲಿ ಟ್ರೇಲರ್ ಮೇಲೆ ಅಡ್ಡಲಾಗಿ ನಿಂತಿದ್ದ ಅಂಥ ಫ್ಯಾನಿನ ಒಂದು ರೆಕ್ಕೆ.

ರೆಕ್ಕೆಯ ಉದ್ದ ಹತ್ತಿರ ಹತ್ತಿರ 70 ಮೀಟರ್. ಒಂದು ಬದಿಗೆ ಹುಣಸೆಮರ, ಇನ್ನೊಂದು ಬದಿಗೆ ಚಹಾ ಅಂಗಡಿಯ ತಗಡಿನ ಚಪ್ಪರ, ಮೇಲೆ ವಿದ್ಯುತ್ ತಂತಿ. ತಿರುವಿನ ಒಳಮಗ್ಗುಲಿನ ಹೊಲಕ್ಕೆ ಮೊದಲೇ ಗರಸು ಸುರಿದು ರೋಲರ್ ಹೊಡೆದಿದ್ದರು. ಲೈನ್‌ಮನ್ ಕರೆಂಟ್ ತೆಗೆಸಿ ತಂತಿ ಬಿಚ್ಚಿದ. ಟ್ರೇಲರ್‌ನ ಹಿಂದಿನ ಗಾಲಿಗಳಿಗೆ ಬೇರೆಯದೇ ಸ್ಟಿಯರಿಂಗ್. ಅದನ್ನು ರಿಮೋಟಿನಿಂದ ನಡೆಸುವವನು ಪಕ್ಕದಲ್ಲೇ ನಡೆದು ಬರುತ್ತಾನೆ. ಎರಡು ಅಡಿ ಚಲನೆ, ನಿಲುಗಡೆ, ಕೂಗು, ಮತ್ತೆ ಎರಡು ಅಡಿ. ತಿರುವು ದಾಟಲು ಎರಡೂವರೆ ತಾಸು ಹಿಡಿಯಿತು. ಈ ಎಚ್ಚರಕ್ಕೆ ಕಾರಣವಿದೆ. ರೆಕ್ಕೆ ಎಂದರೆ ಗಾಜಿನ ನಾರು, ರಾಳ, ಒಳಗೆ ಹಗುರ ಬಾಲ್ಸಾ ಕಟ್ಟಿಗೆ. ಅಂಚು ಕೊಂಬೆಗೆ ತಾಗಿ ಬಿರುಕು ಬಿಟ್ಟರೆ ರಿಪೇರಿ ಮುಗಿಯದೆ ಏರಿಸುವಂತಿಲ್ಲ. ಒಂದು ಯಂತ್ರದ ಮೂರೂ ರೆಕ್ಕೆಗಳನ್ನು ತೂಕ ಸರಿದೂಗಿಸಿ ಒಂದು ಜೊತೆಯಾಗಿ ಕಳಿಸುವುದರಿಂದ, ಒಂದು ಕೆಟ್ಟರೆ ಉಳಿದೆರಡೂ ಕಾಯುತ್ತವೆ.

ಚಹಾಕ್ಕೆ ಬಂದ ಆ ರಿಮೋಟಿನವನು ಕೇಳಿದ: “ಸಮುದ್ರದಾಗ ನಿಲ್ಲಸೋ ಫ್ಯಾನಿನ ರೆಕ್ಕಿ ಎಷ್ಟುದ್ದ ಇರತಾವ್ರೀ?”

ವೆಸ್ಟಾಸ್ ಕಂಪನಿಯ 15 ಮೆಗಾವ್ಯಾಟ್ ಯಂತ್ರಕ್ಕೆ ಒಂದೊಂದು ರೆಕ್ಕೆ 115.5 ಮೀಟರ್ ಎಂದಾಗ ಅವನು ಎದ್ದು ಹೋಗಿ ತಿರುವನ್ನು ಕಣ್ಣಲ್ಲೇ ಅಳೆದು ಬಂದ. “ಅದು ಈ ದಾರಿಯಾಗ ಬರಂಗಿಲ್ರೀ. ಊರs ಕೆಡವಬೇಕಾಗತೈತಿ. ಸಮುದ್ರದ ದಂಡಿಗೇ ಫ್ಯಾಕ್ಟರಿ ಹಾಕಬೇಕು.”

ಕಡಲ ಗಾಳಿ ಉದ್ಯಮ ಕಟ್ಟುವ ದೇಶ ಮೊದಲು ಕಲಿಯಬೇಕಾದ ಪಾಠ ಇದೇ. ಕೆಲಸ ಶುರುವಾಗುವುದು ಬಂದರಿನಲ್ಲಿ. ಹಡಗುಕಟ್ಟೆಯ ನೆಲ ಚದರ ಮೀಟರಿಗೆ 10 ಟನ್‌ಗೂ ಹೆಚ್ಚು ಭಾರ ತಡೆಯಬೇಕು, ರೆಕ್ಕೆಗಳನ್ನು ಮಲಗಿಸಲು ವಿಶಾಲ ಬಯಲು ಬೇಕು, ಯಂತ್ರ ಹೊರುವ ಗೋಪುರವನ್ನು ದಡದಲ್ಲೇ ನಿಲ್ಲಿಸಿ ಜೋಡಿಸುವಂತಿರಬೇಕು. ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದ 7,453 ಕೋಟಿ ರೂಪಾಯಿ ಯೋಜನೆಯಲ್ಲಿ 6,853 ಕೋಟಿ ಗುಜರಾತ್, ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟ್‌ಗೆ, 600 ಕೋಟಿ ಎರಡು ಬಂದರುಗಳ ಸುಧಾರಣೆಗೆ. ಎಲ್ಲರೂ ದೊಡ್ಡ ಮೊತ್ತದ ಮಾತಾಡುತ್ತಾರೆ. ಈ ತಿರುವಿನಲ್ಲಿ ನಿಂತು ನೋಡಿದರೆ ಆ 600 ಕೋಟಿಯೇ ಮೊದಲು ಖರ್ಚಾಗಬೇಕಾದ ಹಣ.

“ಬುಡಕ್ಕ ಏನ್ ಹಾಕತಾರ? ನೀರಾಗ ಕಾಂಕ್ರೀಟ್ ಹೆಂಗ್ ನಿಲ್ತೈತಿ?” ಎಂಬುದು ಅವನ ಮುಂದಿನ ಪ್ರಶ್ನೆ. ಇಲ್ಲಿ ಎರೆಮಣ್ಣು ನೀರುಂಡು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಹಾಗಾಗಿ ಅದನ್ನು ತೆಗೆದು ಗಟ್ಟಿ ನೆಲ ಸಿಕ್ಕ ಮೇಲೆ ನೂರಾರು ಘನ ಮೀಟರ್ ಕಾಂಕ್ರೀಟ್ ತುಂಬುತ್ತಾರೆ. ಆಳ ಹೆಚ್ಚಿಲ್ಲದ ಕಡಲಲ್ಲಿ ಬಹುತೇಕ ಒಂದೇ ಉಕ್ಕಿನ ಕೊಳವೆ. ವ್ಯಾಸ 8–10 ಮೀಟರ್, ತೂಕ ಸಾವಿರ ಟನ್ ಮೀರುತ್ತದೆ. ಕಾಲೂರಿ ನೀರಿನಿಂದ ಮೇಲೇಳುವ ಹಡಗು ಅದನ್ನು ಸುತ್ತಿಗೆಯಿಂದ ತಳಕ್ಕೆ ಬಡಿಯುತ್ತದೆ. ಅಂಥ ಹಡಗುಗಳು ಜಗತ್ತಿನಲ್ಲೇ ಕಡಿಮೆ, ಒಂದು ದಿನ ತಡವಾದರೂ ಬಾಡಿಗೆ ಏರುತ್ತದೆ. ಬುಡದ ಮರಳನ್ನು ಹರಿವು ಕೊರೆದು ಒಯ್ಯದಂತೆ ಸುತ್ತ ಕಲ್ಲು ಸುರಿಯಬೇಕು. ಉಬ್ಬರವಿಳಿತ ಬಿರುಸಾದ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದು ಸಣ್ಣ ಕೆಲಸವಲ್ಲ. ತೋರಣಗಲ್ಲಿನಂಥ ಒಳನಾಡಿನ ಉಕ್ಕು ಕಡಲಿಗೆ ಹೋಗುವುದಾದರೆ ಹಾಳೆಯಾಗಿ ರೈಲು ಹತ್ತಬಹುದು. ಅದನ್ನು ಬಾಗಿಸಿ ಬೆಸೆದು ಕೊಳವೆ ಮಾಡುವುದು ದಡದಲ್ಲೇ ಆಗಬೇಕು.

“ಕೆಟ್ಟರ ಯಾರು ಹೋಗತಾರ?”

ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದು. ಇಲ್ಲಿ ಜೀಪು ಹೋಗುತ್ತದೆ. ಕಡಲಲ್ಲಿ ಅಲೆ ಸುಮಾರು ಒಂದೂವರೆ ಮೀಟರ್ ದಾಟಿದರೆ ಸಾಧಾರಣ ದೋಣಿಯಿಂದ ಏಣಿಗೆ ಕಾಲಿಡುವಂತಿಲ್ಲ. ನಮ್ಮಲ್ಲಿ ಗಾಳಿ ಜೋರಾಗಿರುವುದು ಮುಂಗಾರಿನಲ್ಲಿ, ಕಡಲು ಕೆರಳುವುದೂ ಆಗಲೇ. ಗಾಳಿಯ ವೇಗ ಸೆಕೆಂಡಿಗೆ 6 ಮೀಟರಿನಿಂದ 8ಕ್ಕೆ ಏರಿದರೆ ಅದರೊಳಗಿನ ಶಕ್ತಿ ಸುಮಾರು 2.4 ಪಟ್ಟು. ಅಂದರೆ ಅತಿ ಹೆಚ್ಚು ಗಳಿಸುವ ತಿಂಗಳಲ್ಲಿ ನಿಂತ ಯಂತ್ರದ ಹತ್ತಿರ ಹೋಗಲಾಗದು. ಬೋಲ್ಟ್ ಬಿಗಿತ, ಗೇರ್ ಎಣ್ಣೆ, ತುಕ್ಕು ತಡೆಯುವ ಬಣ್ಣ, ಕೇಬಲ್ ಪರೀಕ್ಷೆ ಎಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಯುರೋಪಿನ ಉತ್ತರ ಸಮುದ್ರದ ಗಾಳಿಯಂತ್ರಗಳ ವೇಳಾಪಟ್ಟಿಯನ್ನು ಹಾಗೇ ತಂದರೆ ಇಲ್ಲಿ ನಡೆಯದು.

ನೋಡಲು ಹೋಗುವವರಿಗೆ ಒಂದು ಮಾತು. ಮಳೆ ಬಂದ ದಿನ ಗರಸು ಹಾಸದ ಹೊಲದ ದಾರಿಗೆ ಕಾರು ಇಳಿಸಬೇಡಿ. ಎರೆಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿದರೆ ಗಾಡಿ ಅಲ್ಲೇ ಕೂರುತ್ತದೆ. ಎಳೆಯಲು ಟ್ರ್ಯಾಕ್ಟರ್ ಬರುವಷ್ಟರಲ್ಲಿ ಒಂದು ಮಧ್ಯಾಹ್ನವೇ ಹೋಯಿತು. ಮುಂಚಿತ ಅನುಮತಿ ಇಲ್ಲದೆ ಗೋಪುರದ ಬುಡಕ್ಕೂ ಬಿಡುವುದಿಲ್ಲ, ಅದು ಸರಿಯಾದ ನಿಯಮ. ಕುಷ್ಟಗಿಯ ಖಾನಾವಳಿಯ ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ಮುಂದೆ ಹೆದ್ದಾರಿ ಹೋಟೆಲಿನ ಊಟ ಸಪ್ಪೆ.

ಸಂಜೆ ಐದಕ್ಕೆ ರೆಕ್ಕೆಯ ತುದಿ ಚಪ್ಪರವನ್ನು ಒಂದು ಗೇಣು ಅಂತರದಲ್ಲಿ ದಾಟಿತು. ಲೈನ್‌ಮನ್ ತಂತಿ ಬಿಗಿಯಲು ಕಂಬ ಹತ್ತಿದವನು ಅರ್ಧಕ್ಕೇ ಇಳಿದ. ಅದೇ ಜೊತೆಯ ಇನ್ನೆರಡು ರೆಕ್ಕೆಗಳು ಹಿಂದೆ ಕಾಯುತ್ತಿದ್ದವು.